ಹದಿನಾಲ್ಕು ಸಾವಿರ ಕಿಲೋಮೀಟರು, ಮತ್ತೆ ಒಂದು ಹೊಳೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತು)



ನಿನ್ನೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಅಮೆರಿಕದಿಂದ ನಮ್ಮೂರಿಗೆ ಎಷ್ಟು ದೂರ? ಎಷ್ಟು ಹೊತ್ತು ಬೇಕು?" ಆಗ ಏನೋ ಹೇಳಿ ಮುಗಿಸಿದೆ. ಸರಿಯಾದ ಉತ್ತರ ಇವತ್ತು ಹೇಳುತ್ತೇನೆ.

ಮೊದಲು ದೂರ. ನಾನಿರುವ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ನಿಲ್ದಾಣಗಳ ನಡುವೆ ಮೊದಲ ಬಾರಿಗೆ ಎಲ್ಲೂ ಇಳಿಯದೆ ಹಾರುವ ವಿಮಾನ ಆರಂಭಿಸಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಜೊತೆಯ ಪೈಲಟ್‌ಗಳು, ಎಲ್ಲರೂ ಮಹಿಳೆಯರೇ, ಅದನ್ನು ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದರು. ಗೋಡೆಯ ನಕಾಶೆಯಲ್ಲಿ ಇದು ಸುತ್ತು ದಾರಿಯಂತೆ ಕಾಣುತ್ತದೆ. ಗ್ಲೋಬಿನ ಮೇಲೆ ಎರಡೂ ಊರಿಗೆ ದಾರ ಬಿಗಿದು ನೋಡಿ. ದಾರ ತಾನಾಗಿ ಧ್ರುವದ ಕಡೆ ಸರಿಯುತ್ತದೆ. ದುಂಡಗಿನ ಭೂಮಿಯ ಮೇಲೆ ಅದೇ ಹತ್ತಿರದ ದಾರಿ.

ಇನ್ನು ಹೊತ್ತು. ಹಾರಾಟಕ್ಕೆ ಸುಮಾರು 17 ಗಂಟೆ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೋರು ಗಾಳಿ ಬೆನ್ನಿಗಿದ್ದರೆ ಕಡಿಮೆ, ಎದುರಾದರೆ ಹೆಚ್ಚು. ಅದಕ್ಕೇ ಹೋಗುವ ಹೊತ್ತೂ ಬರುವ ಹೊತ್ತೂ ಒಂದೇ ಇರುವುದಿಲ್ಲ.

ಇದು ಪುಸ್ತಕದ ಉತ್ತರ. ನನ್ನ ಉತ್ತರ ಬೇರೆ.

2022ರ ಮಳೆಗಾಲದಲ್ಲಿ ಅಪ್ಪಯ್ಯನಿಗೆ ಜೋರಾಗಿದೆ ಎಂದು ಫೋನ್ ಬಂತು. ಮರುದಿನ ಸೀಟು ಸಿಕ್ಕಿತು. ಬೆಂಗಳೂರಿನಲ್ಲಿ ಇಳಿದು, ಕಾರು ಮಾಡಿಕೊಂಡು, ಸಾಗರ ದಾಟಿ ಹೊಳೆಬಾಗಿಲಿಗೆ ಬರುವಾಗ ಕತ್ತಲಾಗಿತ್ತು. ಕೊನೆಯ ಲಾಂಚ್ ಹೋಗಿಯಾಗಿತ್ತು. ಹೊಸನಗರ, ನಿಟ್ಟೂರಿನ ಮೇಲೆ ಸುತ್ತಿ ಹೋಗೋಣವೆಂದರೆ ಮರ ಬಿದ್ದು ರಸ್ತೆ ಬಂದ್. ಭೂಮಿಯ ಆಚೆ ಮಗ್ಗುಲಿಂದ ಬಂದವನು ಹಿನ್ನೀರಿನ ದಡದಲ್ಲಿ ರಾತ್ರಿಯಿಡೀ ಕೂತೆ. ಆಚೆ ದಡದ ದೀಪ ಕಾಣುತ್ತಿತ್ತು. "ಬಂದನಾ?" ಎಂದು ಅಪ್ಪಯ್ಯ ಎರಡು ಸಲ ಕೇಳಿದರಂತೆ. ಬೆಳಗಿನ ಮೊದಲ ಲಾಂಚಿನಲ್ಲಿ ದಾಟಿದೆ. ಮುಖ ನೋಡಲು ಸಿಕ್ಕಿತು, ಮಾತು ಸಿಗಲಿಲ್ಲ.

ಈಗ ಕಾಲ ಬದಲಾಗಿದೆ. 2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ತೀರ್ಥಹಳ್ಳಿ ಸೀಮೆಯ ಕುವೆಂಪು ಅವರ ಹೆಸರು ಅದಕ್ಕೆ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯೂ ತೆರೆಯಿತು. ನಾನು ಒಂದು ರಾತ್ರಿ ಕಾದ ಹೊಳೆಯನ್ನು ಮೊನ್ನೆ ಐದು ನಿಮಿಷದೊಳಗೆ ದಾಟಿದೆ. ಸಂತೋಷವಾಯಿತು. ಅಪ್ಪಯ್ಯನ ನೆನಪೂ ಆಯಿತು.

ಮಕ್ಕಳೇ, ನಿಮ್ಮಲ್ಲಿ ಹಲವರು ದೂರ ಹೋಗುತ್ತೀರಿ, ಹೋಗಬೇಕು. ಆದರೆ ಟಿಕೆಟಿನ ಮೇಲಿನ 17 ಗಂಟೆಯನ್ನು ನಂಬಿ ಕೂರಬೇಡಿ. ನಿಲ್ದಾಣದಿಂದ ನಿಲ್ದಾಣಕ್ಕಲ್ಲ, ಅಂಗಳದಿಂದ ಅಂಗಳಕ್ಕೆ ಲೆಕ್ಕ ಹಾಕಿ. ಹೊರಗಿರುವ ನನ್ನ ಗೆಳೆಯರಿಗೂ ಇದೇ ಮಾತು: ಫೋನ್ ಬಂದ ಮೇಲೆ ಹೊರಡುವುದಕ್ಕಿಂತ, ಫೋನ್ ಬರುವ ಮುಂಚೆ ಒಮ್ಮೆ ಬಂದು ಹೋಗಿ.

ಶಾಲೆಗೆ ಒಂದು ಗ್ಲೋಬ್ ತಂದಿದ್ದೇನೆ, ಜೊತೆಗೆ ಒಂದು ಉಂಡೆ ದಾರ. ಅಳೆದು ನೋಡಿ.