ಆದೇಶದಲ್ಲಿಲ್ಲದ ನೀರು

ಇವತ್ತು 2023ರ ಜುಲೈ 25. ಮುಳುಗಿ ಸಾಯೋದನ್ನ ತಡೀಬೇಕು ಅಂತ ಜಗತ್ತು ನೆನಪು ಮಾಡಿಕೊಳ್ಳೋ ದಿನ. ವಿಶ್ವಸಂಸ್ಥೆಯ ಮಹಾಸಭೆ ಇದನ್ನು ಗೊತ್ತು ಮಾಡಿದ್ದು 2021ರ ಏಪ್ರಿಲ್‌ನಲ್ಲಿ. ಆ ಏಪ್ರಿಲ್ ನಿಮಗೆ ಮರೆತಿರಲಿಕ್ಕಿಲ್ಲ. ಆಕ್ಸಿಜನ್ ಸಿಲಿಂಡರ್, ಬೆಡ್, ಆಂಬುಲೆನ್ಸ್, ಇಷ್ಟು ಬಿಟ್ಟು ಬೇರೆ ಸುದ್ದಿ ನಮ್ಮ ಸ್ಟುಡಿಯೋ ಬಾಗಿಲು ದಾಟಿ ಬರ್ತಾನೇ ಇರಲಿಲ್ಲ. ಹಾಗಾಗಿ ಇಂಥದೊಂದು ದಿನ ಹುಟ್ಟಿದ್ದು ಹೆಚ್ಚಿನವರಿಗೆ ಗೊತ್ತಾಗಲಿಲ್ಲ.

ಕೋವಿಡ್ ಕಾಲದ ಆದೇಶಗಳನ್ನ ಈಗ ಒಟ್ಟಿಗೆ ಇಟ್ಟುಕೊಂಡು ಓದಿದ್ರೆ ಒಂದು ಪದ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತೆ. ಈಜುಕೊಳ. ಚಿತ್ರಮಂದಿರ, ಮಾಲ್, ಜಿಮ್ ಜೊತೆ ಅದೂ ಒಂದು. 2020ರ ಮಾರ್ಚ್‌ನಲ್ಲಿ ಮುಚ್ಚಿತು. ಆಗಸ್ಟ್ 5ಕ್ಕೆ ಜಿಮ್ ತೆರೀತು, ಕೊಳ ತೆರೀಲಿಲ್ಲ. ಅಕ್ಟೋಬರ್ 15ರಿಂದ ಕ್ರೀಡಾಪಟುಗಳ ತರಬೇತಿಗೆ ಮಾತ್ರ ಅಂದ್ರು. ಎಲ್ಲರಿಗೂ ಅಂದಿದ್ದು 2021ರ ಫೆಬ್ರವರಿಗೆ. ಎರಡು ತಿಂಗಳು ಕಳೆಯೋದರೊಳಗೆ ಎರಡನೇ ಅಲೆ, ಮತ್ತೆ ಬೀಗ. ಜುಲೈನಲ್ಲಿ ನಮ್ಮ ರಾಜ್ಯದ ಆದೇಶ ಮತ್ತೆ ಅದೇ ರಾಗ: ತರಬೇತಿಗೆ ಮಾತ್ರ. ಈ ಆದೇಶಗಳನ್ನ ಓದಿ ಓದಿ ನನಗೆ ಬಾಯಿಪಾಠ ಆಗಿತ್ತು. ಆ ರಾತ್ರಿಗಳಲ್ಲಿ ಆ್ಯಂಕರ್ ಕೆಲಸ ಅಂದ್ರೆ ಒಂದು ರೀತಿಯಲ್ಲಿ ಡಂಗುರ ಸಾರೋನ ಕೆಲಸವೇ ಆಗಿತ್ತು.

ಮುಚ್ಚಿದ್ದು ಸರಿಯೋ ತಪ್ಪೋ ಅನ್ನೋ ವಾದಕ್ಕೆ ನಾನು ಹೋಗಲ್ಲ. ಒಂದು ಮಾತು ಹೇಳಿಬಿಡ್ತೀನಿ. ಭಯ ಇದ್ದದ್ದು ನೀರಿನದ್ದಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2021ರಲ್ಲಿ ಪರೀಕ್ಷೆ ಮಾಡಿ ನೋಡಿದ್ರು. ಹತ್ತು ಲಕ್ಷ ಪಾಲು ನೀರಿಗೆ ಒಂದೂವರೆ ಪಾಲು ಕ್ಲೋರಿನ್ ಇದ್ದು, ನೀರು ಸರಿಯಾದ ಹದದಲ್ಲಿದ್ದರೆ, ಮೂವತ್ತು ಸೆಕೆಂಡಿನಲ್ಲಿ ವೈರಸ್ಸಿನ ಶಕ್ತಿ ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತೆ. ಅಪಾಯ ಇದ್ದದ್ದು ಬಟ್ಟೆ ಬದಲಾಯಿಸೋ ಕೋಣೆಯಲ್ಲಿ, ದಡದಲ್ಲಿ ಗುಂಪುಗೂಡಿ ಮಾತಾಡೋದರಲ್ಲಿ.

ಕೊಳ ಮುಚ್ಚಿದ್ದರಿಂದ ಪೆಟ್ಟು ತಿಂದವರು ಇದ್ದಾರೆ, ಅದು ಸುಳ್ಳಲ್ಲ. ನಮ್ಮ ಬೆಂಗಳೂರಿನ ಹುಡುಗ ಶ್ರೀಹರಿ ನಟರಾಜ್. ಒಲಿಂಪಿಕ್ಸ್ ಮುಂದಿದೆ, ಈಜೋಕೆ ನೀರಿಲ್ಲ. ಕೊನೆಗೆ 2020ರ ಆಗಸ್ಟ್‌ನಲ್ಲಿ ಅವರನ್ನೂ ಸಜನ್ ಪ್ರಕಾಶ್, ಕುಶಾಗ್ರ ರಾವತ್ ಅವರನ್ನೂ ತರಬೇತಿಗೆ ದುಬೈಗೆ ಕಳಿಸಬೇಕಾಯ್ತು. ಮರುವರ್ಷ ಶ್ರೀಹರಿ ಟೋಕಿಯೋದಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಈಜಿದರು. ನಮ್ಮ ಚಾನೆಲ್ಲುಗಳಲ್ಲಿ ಇದು ಬಂತು, ಬರಬೇಕಾದ್ದೇ. ಆದರೆ ಈಜು ಅಂದ ಕೂಡಲೇ ನೀಲಿ ಟೈಲ್ಸು, ಲೇನು, ಸ್ಟಾಪ್‌ವಾಚು ಇಷ್ಟೇ ನಮ್ಮ ಕಣ್ಣಿಗೆ ಬರೋದು ಹೇಗೆ ಅಭ್ಯಾಸ ಆಯ್ತು ನೋಡಿ. ಸರ್ಕಾರಕ್ಕೂ ಅಷ್ಟೇ, ನಮಗೂ ಅಷ್ಟೇ.

ನಮ್ಮ ದೊಡ್ಡಪ್ಪನ ಹೊಲ ಇರೋದು ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ಕಡೆ. ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗೋ ಹೆದ್ದಾರಿಯಲ್ಲಿ ಬಂದವರಿಗೆ ಗೊತ್ತು, ಎರಡೂ ಕಡೆ ಕಲ್ಲುಗುಡ್ಡ, ಶೇಂಗಾ, ಮೆಕ್ಕೆಜೋಳ. ಲಾಕ್‌ಡೌನ್ ಟೈಮಲ್ಲಿ ಒಂದು ರಾತ್ರಿ ಬುಲೆಟಿನ್ ಮುಗಿಸಿ ಫೋನ್ ಮಾಡಿದ್ದೆ. ಹುಡುಗರು ಏನು ಮಾಡ್ತಿವೆ ದೊಡ್ಡಪ್ಪ ಅಂದೆ. "ಏನ್ ಮಾಡ್ತಾವಪ್ಪ, ಸಾಲಿ ಇಲ್ಲ. ಬೆಳಗಾದ್ರೆ ಹೊಂಡದ ಕಡೆ ಓಡ್ತಾವು. ಬೈದು ಬೈದು ಸಾಕಾತು" ಅಂದ್ರು. ಹೊಂಡ ಅಂದ್ರೆ ಕೃಷಿ ಹೊಂಡ.

ಶಾಲೆ ಎಷ್ಟು ದಿನ ಇರಲಿಲ್ಲ ಅನ್ನೋದನ್ನ ನಾವು ಬೇಗ ಮರೆತುಬಿಟ್ವಿ. ಒಂದರಿಂದ ಐದನೇ ಕ್ಲಾಸಿನ ಮಕ್ಕಳು 2020ರ ಮಾರ್ಚ್‌ನಲ್ಲಿ ಮನೆಗೆ ಹೋದವರು ಮತ್ತೆ ತರಗತಿಯಲ್ಲಿ ಕೂತಿದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು! ಅಪ್ಪ ಅಮ್ಮ ಕೂಲಿಗೆ ಹೋಗಲೇಬೇಕು, ಅಂಗನವಾಡಿ ಇಲ್ಲ, ಶಾಲೆ ಇಲ್ಲ, ಎರಡು ಬೇಸಿಗೆ ಪೂರ್ತಿ ಮಕ್ಕಳು ಬಯಲಲ್ಲಿ. ನಲವತ್ತು ಡಿಗ್ರಿ ಬಿಸಿಲಲ್ಲಿ ಮಕ್ಕಳು ನೀರು ಕಂಡಲ್ಲಿ ಇಳೀತಾರೆ. ಇದಕ್ಕೆ ಯಾವ ತಜ್ಞರನ್ನೂ ಪ್ಯಾನೆಲ್ಲಿಗೆ ಕರೆಯೋದು ಬೇಕಿಲ್ಲ. ಇಂಗ್ಲೆಂಡಿನಲ್ಲೂ ಹೀಗೇ ಆಯ್ತು. ಈಜುಕೊಳ ಮುಚ್ಚಿದ್ದೇ ತಡ, ಜನ ನದಿಗೆ, ಸರೋವರಕ್ಕೆ, ಸಮುದ್ರಕ್ಕೆ ನಡೆದರು. ಅಲ್ಲಿನವರಿಗೆ ಈಜು ಶಾಲೆಯಲ್ಲೇ ಕಲಿಸಿರ್ತಾರೆ, ಆದರೂ ಸಮುದ್ರತೀರದ ರಕ್ಷಣಾ ಸಂಸ್ಥೆಯವರು ಜನರನ್ನ ಎಚ್ಚರಿಸಬೇಕಾಯ್ತು. ನಮ್ಮ ಮಕ್ಕಳಿಗೆ ಕಲಿಸಿದವರು ಯಾರು?

ಒಂದು ಕಾಲದಲ್ಲಿ ಬಾವಿ ಕಲಿಸ್ತಿತ್ತು. ನಾನು ಈಜು ಕಲಿತಿದ್ದು ದೊಡ್ಡಪ್ಪನ ಬಾವಿಯಲ್ಲೇ. ಬೆನ್ನಿಗೆ ಒಣಗಿದ ಸೋರೆ ಬುರುಡೆ, ಸೊಂಟಕ್ಕೆ ಹಗ್ಗ, ಹಗ್ಗದ ತುದಿ ಮೇಲೆ ನಿಂತ ಅಣ್ಣನ ಕೈಯಲ್ಲಿ. ದಿನಕ್ಕಿಷ್ಟು ಹಗ್ಗ ಸಡಿಲ ಬಿಡ್ತಿದ್ದ. ಬಾವಿಗೆ ಕಲ್ಲಿನ ಮೆಟ್ಟಿಲಿತ್ತು, ಸುಸ್ತಾದ್ರೆ ಹಿಡ್ಕೊಳ್ಳೋಕೆ ಗೋಡೆಯ ಸಂದುಗಳಿದ್ದವು, ಎಲ್ಲಕ್ಕಿಂತ ಹೆಚ್ಚಾಗಿ ಮೇಲೆ ಯಾರೋ ಒಬ್ಬರು ದೊಡ್ಡವರು ಇದ್ದೇ ಇರ್ತಿದ್ರು. ಆಮೇಲೆ ಬೋರ್‌ವೆಲ್ ಬಂತು. ಇನ್ನೂರು ಅಡಿ, ನಾನೂರು ಅಡಿ, ಸಾವಿರ ಅಡಿ. ಅಂತರ್ಜಲ ಇಳೀತಾ ಹೋದಂಗೆ ತೆರೆದ ಬಾವಿಗಳು ಒಣಗಿದವು. ದೊಡ್ಡಪ್ಪನ ಬಾವಿಯಲ್ಲಿ ಈಗ ಜಾಲಿ ಬೆಳೆದಿದೆ. ಬಾವಿ ಒಣಗಿದಾಗ ನೀರು ಹೋಯ್ತು ಅಂತ ಎಲ್ಲರೂ ಲೆಕ್ಕ ಹಾಕಿದ್ರು. ಅದರ ಜೊತೆಗೇ ಒಂದು ತಲೆಮಾರಿಗೆ ಈಜೂ ಹೋಯ್ತು, ಅದನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ.

ಈಜು ಹೋದ ಊರಿಗೆ 2014ರ ಹೊತ್ತಿಗೆ ಕೃಷಿ ಭಾಗ್ಯ ಬಂತು. ಒಳ್ಳೇ ಯೋಜನೆ, ಅದರಲ್ಲಿ ಅನುಮಾನ ಬೇಡ. ಮಳೆಯಾಶ್ರಿತ ಹೊಲದಲ್ಲಿ ಹೊಂಡ ತೋಡಿ, ಪಾಲಿಥೀನ್ ಹಾಳೆ ಹಾಸಿ, ಬಿದ್ದ ಮಳೆ ಹಿಡಿದಿಟ್ಟು, ಬೆಳೆ ಬಾಡೋ ಹೊತ್ತಿಗೆ ಒಂದೆರಡು ಸಲ ನೀರು ಕೊಡೋದು. ಎಷ್ಟೋ ಶೇಂಗಾ ಬೆಳೆ ಇದರಿಂದ ಉಳಿದಿದೆ. ಆದರೆ ನಾನು ಇಂಜಿನಿಯರಿಂಗ್ ಓದಿ ಟೀವಿಗೆ ಬಂದವನು, ಆ ಹೊಂಡದ ದಡದಲ್ಲಿ ನಿಂತರೆ ನನಗೆ ಬೇರೇನೋ ಕಾಣುತ್ತೆ. ಎರಡು ನಿಮಿಷ ಲೆಕ್ಕ ಹೇಳ್ತೀನಿ, ಚಾನೆಲ್ ಬದಲಾಯಿಸಬೇಡಿ.

21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ ತಗೊಳ್ಳಿ. ಪಕ್ಕದ ಇಳಿಜಾರು ಒಂದಕ್ಕೆ ಒಂದು ಅಂತ ಇಟ್ಕೊಳ್ಳಿ, ಅಂದ್ರೆ 45 ಡಿಗ್ರಿ. ತುಂಬಿದಾಗ ಅದರಲ್ಲಿ ಸುಮಾರು 9 ಲಕ್ಷ 80 ಸಾವಿರ ಲೀಟರ್ ನೀರು. 25 ಮೀಟರ್ ಉದ್ದ, 10 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಈಜುಕೊಳದಲ್ಲಿ ಹಿಡಿಯೋದು 3 ಲಕ್ಷ 75 ಸಾವಿರ ಲೀಟರ್. ಹೊಂಡದ ನೀರು ಅದರ ಎರಡೂವರೆ ಪಟ್ಟಿಗಿಂತ ಜಾಸ್ತಿ, ಆಳ ಹತ್ತಡಿ. ಈಗ ಇಳಿಜಾರಿನ ವಿಷಯ. 45 ಡಿಗ್ರಿ ಇಳಿಜಾರಲ್ಲಿ ಜಾರದೆ ನಿಲ್ಲಬೇಕಾದ್ರೆ ಕಾಲಿಗೂ ನೆಲಕ್ಕೂ ನಡುವೆ ಘರ್ಷಣೆಯ ಅಂಕ ಕನಿಷ್ಠ ಒಂದು ಇರಬೇಕು. ಒದ್ದೆ ಪಾಲಿಥೀನ್, ಅದರ ಮೇಲೆ ಪಾಚಿ. ಅಲ್ಲಿ ಅದರ ಸಣ್ಣದೊಂದು ಪಾಲೂ ಸಿಗಲ್ಲ. ಅಂದ್ರೆ ಒಳಗೆ ಬಿದ್ದವನು ದಡಕ್ಕೆ ಬಂದು ಮುಟ್ಟಿದ್ರೂ ಮೇಲೆ ಹತ್ತೋಕಾಗಲ್ಲ. ಈಜು ಬಂದವನೂ ಅಷ್ಟೇ. ಮೂರು ಸಲ, ನಾಲ್ಕು ಸಲ ಹತ್ತೋಕೆ ನೋಡಿ ಕೈ ಸೋತು ಒಳಗೆ ಹೋಗ್ತಾನೆ.

ಹಾಗಾಗಿ ಇಂಥ ಸುದ್ದಿಯಲ್ಲಿ ಒಬ್ಬರ ಸಾವು ಕಡಿಮೆ. ಒಬ್ಬ ಜಾರಿದ, ಎತ್ತೋಕೆ ತಮ್ಮ ಹೋದ, ಇಬ್ಬರನ್ನೂ ನೋಡಿ ತಾಯಿ ಇಳಿದಳು. ಪರದೆಯ ಕೆಳಗಿನ ಪಟ್ಟಿಯಲ್ಲಿ ಎಷ್ಟು ಸಲ ಇದು ಓಡಿಹೋಗಿದೆ ನೀವೇ ನೋಡಿದೀರಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ ನಮ್ಮ ದೇಶದಲ್ಲಿ ಆಕಸ್ಮಿಕವಾಗಿ ಮುಳುಗಿ ಸತ್ತವರು 2020ರಲ್ಲೂ 36 ಸಾವಿರಕ್ಕಿಂತ ಹೆಚ್ಚು, 2021ರಲ್ಲೂ 36 ಸಾವಿರಕ್ಕಿಂತ ಹೆಚ್ಚು. ದಿನಕ್ಕೆ ಸುಮಾರು ನೂರು ಜನ. ಆ ಎರಡು ವರ್ಷ ಪ್ರತಿ ಸಂಜೆ ನಾವು ಸಾವಿನ ಸಂಖ್ಯೆ ಓದ್ತಿದ್ವಲ್ಲ, ಅದರ ಪಕ್ಕದಲ್ಲಿ ಈ ನೂರಕ್ಕೆ ಕಾಲಂ ಇರಲಿಲ್ಲ. ಟೈಲ್ಸ್ ಹಾಕಿದ ಕೊಳಕ್ಕೆ ಎಷ್ಟು ಜನ ಇಳೀಬೇಕು, ಎಷ್ಟು ದೂರ ಇರಬೇಕು ಅಂತ ಆದೇಶ ಇತ್ತು. ಹತ್ತಡಿ ಆಳದ ಹೊಂಡ ಯಾವ ಆದೇಶದಲ್ಲೂ ಇರಲಿಲ್ಲ. ಅದು ಮುಚ್ಚಲೂ ಇಲ್ಲ, ತೆರೆಯಲೂ ಇಲ್ಲ.

ಈಗ ಯಾಕೆ ಈ ಮಾತು ಅಂತೀರಾ? ಈ ತಿಂಗಳ ಬಜೆಟ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೃಷಿ ಭಾಗ್ಯವನ್ನ ಮತ್ತೆ ತಂದಿದ್ದಾರೆ, ನರೇಗಾ ಜೊತೆ ಸೇರಿಸಿ, 100 ಕೋಟಿ ರೂಪಾಯಿ. ಅಂದ್ರೆ ಹೊಸ ಹೊಂಡಗಳು ಬರ್ತವೆ. ಜೂನ್‌ನಲ್ಲಿ ಕೈಕೊಟ್ಟ ಮಳೆ ಈಗ ಹಿಡಿದಿದೆ, ಹಳೇ ಹೊಂಡಗಳೂ ತುಂಬ್ತಿವೆ. ಇದು ಸಾಲದು ಅಂತ ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸೋ ಯೋಜನೆ ಬೇರೆ ಕೈಗೆತ್ತಿಕೊಂಡಿದ್ದಾರೆ. ತುಂಬಲಿ, ಬೇಗ ತುಂಬಲಿ, ಆ ನೆಲದವರು ಎಷ್ಟು ವರ್ಷದಿಂದ ಕಾಯ್ತಿದ್ದಾರೆ. ಆದರೆ ಅಲ್ಲಿನ ಹತ್ತು ವರ್ಷದ ಹುಡುಗ ತುಂಬಿದ ಕೆರೆಯನ್ನ ಎಷ್ಟು ಸಲ ನೋಡಿರ್ತಾನೆ? ಕೆರೆ ತುಂಬಿದ ದಿನ ಗಂಗಾಪೂಜೆ ಮಾಡ್ತೀವಿ, ಬಾಗಿನ ಬಿಡ್ತೀವಿ. ಮರುದಿನ ಇಳಿಯೋದು ಆ ಹುಡುಗ.

ಹೊಂಡದ ಬಿಲ್ ಮಾಡುವಾಗ ಉದ್ದ, ಅಗಲ, ಆಳ ಅಳೀತಾರೆ. ಅದರ ಜೊತೆ ಬೇಲಿ ಇದೆಯಾ, ಹಗ್ಗ ಇದೆಯಾ ಅಂತ ಎರಡು ಸಾಲು ಸೇರಿಸೋಕೆ ಏನು ಕಷ್ಟ? ಸುತ್ತ ಬೇಲಿ ಇರೋ ಹೊಂಡ ಹೊಸಹಳ್ಳಿ ಸುತ್ತಮುತ್ತ ನಾನು ನೋಡಿದ್ದು ತೀರಾ ಅಪರೂಪ. ತಂತಿ ಬೇಲಿಗೆ ದುಡ್ಡು ಬೇಕು, ಅದನ್ನ ಸಹಾಯಧನದಲ್ಲೇ ಸೇರಿಸಬೇಕು, ರೈತನ ತಲೆಗೆ ಹಾಕಿದ್ರೆ ಆಗಲ್ಲ. ಹಗ್ಗಕ್ಕೆ ಅಷ್ಟು ಬೇಡ. ನಾಲ್ಕೂ ಬದಿಗೆ ಒಂದೊಂದು ಗೂಟ, ಗೂಟಕ್ಕೆ ದಪ್ಪ ನೈಲಾನ್ ಹಗ್ಗ, ಅಡಿಗೊಂದು ಗಂಟು, ತುದಿ ತಳ ಮುಟ್ಟೋ ಹಾಗೆ ಇಳಿಬಿಡೋದು. ಹಳೇ ಟೈರ್‌ಗಳನ್ನ ಒಂದಕ್ಕೊಂದು ಕಟ್ಟಿ ಇಳಿಬಿಟ್ಟರೆ ಏಣಿ ಆಗುತ್ತೆ. ಬಿದ್ದವನಿಗೆ ಹಿಡ್ಕೊಳ್ಳೋಕೆ ಏನಾದ್ರೂ ಬೇಕು, ಪಾಲಿಥೀನ್ ಹಾಳೆ ಕೈಗೆ ಸಿಗಲ್ಲ, ಹಗ್ಗ ಸಿಗುತ್ತೆ. ದೊಡ್ಡಪ್ಪನ ಹೊಂಡಕ್ಕೆ ಈಗ ನಾಲ್ಕು ಹಗ್ಗ ಇದೆ. ಆ ಹಗ್ಗ ಹಿಡಿದು ಇಲ್ಲಿವರೆಗೆ ಮೇಲೆ ಬಂದಿರೋದು ಒಂದು ಆಡು. ಬಂತಲ್ಲ!

ಇನ್ನೊಂದು ವಿಷಯ. ಕಳೆದ ವರ್ಷ ಸೆಪ್ಟೆಂಬರ್‌ನಲ್ಲಿ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಮುಳುಗಿ ಸತ್ತ ಮಗುವನ್ನ ಮನೆಯವರು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿಟ್ಟು ಕಾದರು. ಉಪ್ಪಲ್ಲಿಟ್ಟರೆ ಜೀವ ಬರುತ್ತೆ ಅಂತ ಮೊಬೈಲಿನಲ್ಲಿ ಬಂದಿತ್ತಂತೆ. ಆ ತಾಯಿ ತಂದೆಯನ್ನ ನಗಬೇಡಿ. ಸರಿಯಾದದ್ದು ಏನು ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಸುಳ್ಳು ಮಾತ್ರ ಮನೆ ಬಾಗಿಲಿಗೆ ಹೋಗಿತ್ತು. ಉಪ್ಪು ಬೇಡ, ತಲೆಕೆಳಗೆ ಮಾಡಿ ತಿರುಗಿಸೋದು ಬೇಡ, ಹೊಟ್ಟೆ ಒತ್ತಿ ನೀರು ತೆಗೆಯೋದೂ ಬೇಡ. ಉಸಿರಿಲ್ಲದಿದ್ರೆ ಬೇಕಾಗಿರೋದು ಉಸಿರು. ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು. ಆಮೇಲೆ ಎದೆಯ ನಡುವೆ ಜೋರಾಗಿ, ಬೇಗ ಬೇಗ ಒತ್ತಬೇಕು, 108 ಬರೋವರೆಗೂ ನಿಲ್ಲಿಸದೆ. ಇದನ್ನ ಪ್ರತಿ ಹಳ್ಳಿಯ ಆಶಾ ಕಾರ್ಯಕರ್ತೆಗೂ, ಪ್ರೌಢಶಾಲೆಯ ಪ್ರತಿ ಹುಡುಗ ಹುಡುಗಿಗೂ ಗೊಂಬೆ ಇಟ್ಟು ಕಲಿಸಬಹುದು. ಕೋವಿಡ್‌ನಲ್ಲಿ ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ಎಷ್ಟು ಕಲಿಸಿದ್ರು ಅನ್ನೋದನ್ನ ನಾವೇ ನೋಡಿಲ್ವಾ?

ಯಾರಾದ್ರೂ ಮುಳುಗ್ತಿದ್ರೆ, ದಯವಿಟ್ಟು, ಹಿಂದೆ ಹಾರಬೇಡಿ. ಕೂಗಿ ಜನ ಕರೀರಿ. ಸೀರೆ, ಪಂಚೆ, ಹಗ್ಗ, ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನು, ಕೈಗೆ ಸಿಕ್ಕಿದ್ದನ್ನ ಎಸೀರಿ. ನೀವು ದಡದಲ್ಲಿ ಮಲಗಿ ಎಳೀರಿ, ನಿಂತು ಎಳೆದ್ರೆ ನೀವೂ ಒಳಗೆ. ನೀವೇ ಬಿದ್ದಿದ್ರೆ ಕೈಕಾಲು ಬಡಿಯೋದು ನಿಲ್ಲಿಸಿ. ತಲೆ ಹಿಂದಕ್ಕೆ, ಕಿವಿ ನೀರೊಳಗೆ, ಮುಖ ಆಕಾಶಕ್ಕೆ. ಎದೆ ತುಂಬ ಗಾಳಿ ಇದ್ರೆ ಮೈ ತೇಲುತ್ತೆ. ಅಷ್ಟು ಹೊತ್ತು ಸಿಕ್ಕರೆ ಹಗ್ಗ ಬರುತ್ತೆ.

ಕಲಿಸೋದು ಎಲ್ಲಿ, ಕೊಳ ಇಲ್ಲವಲ್ಲ ಅಂತ ಕೇಳಬಹುದು. ಬಾಂಗ್ಲಾದೇಶದಲ್ಲಿ ಕೊಳ ಇತ್ತಾ? ಅಲ್ಲಿ ಸ್ವಿಮ್‌ಸೇಫ್ ಅನ್ನೋ ಕಾರ್ಯಕ್ರಮದಲ್ಲಿ ಹಳ್ಳಿಯ ಕೊಳಗಳಲ್ಲೇ ಬಿದಿರಿನ ಅಟ್ಟ ಕಟ್ಟಿದರು. ಎದೆಮಟ್ಟದ ನೀರು, ಸುತ್ತ ಬಿದಿರಿನ ಕಟಕಟೆ, ಆ ಊರಿನವರೇ ತರಬೇತಿ ಪಡೆದು ಮೇಷ್ಟ್ರಾದರು. ಮಗು 25 ಮೀಟರ್ ಈಜಬೇಕು, 30 ಸೆಕೆಂಡ್ ತೇಲಬೇಕು. ಅಷ್ಟಾದ್ರೆ ಪಾಸ್. ಚಿನ್ನದ ಪದಕ ಬೇಡ, 25 ಮೀಟರ್ ಸಾಕು. ಆರು ವರ್ಷ ದಾಟಿದ ಮಕ್ಕಳಿಗೆ ಈಜು ಕಲಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತಾ ಬಂದಿದೆ. ಕೂಡ್ಲಿಗಿಯ ಆ 74 ಕೆರೆಗಳಲ್ಲಿ ಹೋಬಳಿಗೆ ಒಂದು ಕೆರೆಯ ಅಂಚಲ್ಲಿ ಇಂಥ ಅಟ್ಟ ಆದ್ರೆ ಶುರುವಿಗೆ ಸಾಕು. ಹೆಣ್ಣುಮಕ್ಕಳನ್ನೂ ಸೇರಿಸಬೇಕು, ಬಟ್ಟೆ ಒಗೆಯೋಕೆ ಕೆರೆಗೆ ಹೋಗೋರು ಅವರೇ ಅಲ್ವಾ.

ನಮ್ಮ ವಿಜಯನಗರ ಜಿಲ್ಲೆಯ ವರದಿಗಾರರಿಗೆ ಎರಡು ಪ್ರಶ್ನೆ ಕೊಟ್ಟು ಕಳಿಸ್ತಿದ್ದೀನಿ. ಹೊಸ ಹೊಂಡಗಳ ಅಂದಾಜುಪಟ್ಟಿಯಲ್ಲಿ ಬೇಲಿ, ಹಗ್ಗ ಇದೆಯಾ ಅಂತ ಕೃಷಿ ಇಲಾಖೆಗೆ. ಕೆರೆ ತುಂಬೋ ಮೊದಲು ಮಕ್ಕಳಿಗೆ ಏನು ಕಲಿಸ್ತೀರಿ ಅಂತ ಜಿಲ್ಲಾ ಪಂಚಾಯಿತಿಗೆ. ಉತ್ತರ ಬಂದ ದಿನ ಇದೇ ಹೊತ್ತಿಗೆ ನಿಮಗೆ ಓದಿ ಹೇಳ್ತೀನಿ. ಬರದಿದ್ರೆ ಅದನ್ನೂ ಹೇಳ್ತೀನಿ.