ಛೇದ ಬೇರೆಯಾದರೆ ಕೂಡುವುದು ಹೇಗೆ?

ಈ ಹೊತ್ತಿನ ಮಾತು ಆರು, ಏಳನೇ ತರಗತಿಯ ಮಕ್ಕಳಿಗೆ. ಮನೆಯಲ್ಲಿ ಅವರಿಗೆ ಲೆಕ್ಕ ಹೇಳಿಕೊಡುವ ದೊಡ್ಡವರಿಗೂ. ಕೈಯಲ್ಲಿ ಪೆನ್ಸಿಲ್, ಕಾಗದ ಇರಲಿ.

ಕೆಂಗೇರಿಯ ಹುಡುಗಿಯೊಬ್ಬಳು ಬಸವೇಶ್ವರನಗರದ ಅಜ್ಜಿ ಮನೆಗೆ ಹೊರಟಳು ಎನ್ನೋಣ. ವಿಜಯನಗರದವರೆಗೆ ಮೆಟ್ರೊದಲ್ಲಿ ಗಂಟೆಯ ಮೂರನೇ ಒಂದು ಭಾಗ ಹಿಡಿಯಿತು. ಅಲ್ಲಿ ಬಸ್ಸಿಗೆ ಕಾದು, ಹತ್ತಿ, ಇಳಿಯುವಷ್ಟರಲ್ಲಿ ಅರ್ಧ ಗಂಟೆ. ಒಟ್ಟು ಎಷ್ಟಾಯಿತು?

ಎಷ್ಟೋ ಮಕ್ಕಳು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿ ‘ಐದನೇ ಎರಡು’ ಎಂದು ಬರೆದುಬಿಡುತ್ತಾರೆ. ಗಂಟೆಯ ಐದನೇ ಎರಡು ಭಾಗವೆಂದರೆ 24 ನಿಮಿಷ. ಬಸ್ಸಿಗೇ 30 ನಿಮಿಷ ಹೋಗಿದೆಯಲ್ಲ! ಕೂಡಿದ ಮೇಲೆ ಕಾಲ ಕಡಿಮೆಯಾಗುವುದುಂಟೆ?

ಗಂಟೆಯನ್ನು ಎಷ್ಟು ಸಮಪಾಲು ಮಾಡಿದೆವು ಎಂಬುದನ್ನು ಛೇದ ಹೇಳುತ್ತದೆ. ಅಂಥ ಎಷ್ಟು ಪಾಲು ತೆಗೆದುಕೊಂಡೆವು ಎಂಬುದನ್ನು ಅಂಶ ಹೇಳುತ್ತದೆ. ಪಾಲುಗಳ ಅಳತೆ ಒಂದೇ ಆಗುವ ತನಕ ಅವನ್ನು ಒಟ್ಟಿಗೆ ಎಣಿಸುವಂತಿಲ್ಲ. ಗಂಟೆಯನ್ನು ಆರು ಪಾಲು ಮಾಡಿ. ಒಂದು ಪಾಲಿಗೆ 10 ನಿಮಿಷ. ಅರ್ಧ ಗಂಟೆಯಲ್ಲಿ ಇಂಥ ಮೂರು ಪಾಲು, ಮೂರನೇ ಒಂದರಲ್ಲಿ ಎರಡು. ಮೂರೂ ಎರಡೂ ಐದು. ಉತ್ತರ ‘ಆರನೇ ಐದು’, ಅಂದರೆ 50 ನಿಮಿಷ.

ಆರೇ ಏಕೆ? ಎರಡರಿಂದಲೂ ಮೂರರಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ ಅದು. ನಿಮ್ಮ ಪಠ್ಯದಲ್ಲಿ ಇದೇ ಲ.ಸಾ.ಅ. ಈ ಜಾಣ ದಾರಿಯನ್ನು ನಮ್ಮ ನಾಡಿನವರು ಬಹಳ ಹಿಂದೆಯೇ ಬಲ್ಲವರಾಗಿದ್ದರು. ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಭಿನ್ನರಾಶಿಗಳನ್ನು ಅದರಲ್ಲಿ ವಿಸ್ತಾರವಾಗಿ ಬಿಡಿಸಿದ್ದಾರೆ. ಲ.ಸಾ.ಅ.ವನ್ನು ಅವರು ‘ನಿರುದ್ಧ’ ಎಂದು ಕರೆದು, ಕಂಡುಹಿಡಿಯುವ ಕ್ರಮವನ್ನೂ ಕೊಟ್ಟರು.

ಅದರಿಂದ ಎಷ್ಟು ಶ್ರಮ ಉಳಿಯುತ್ತದೆ, ನೀವೇ ನೋಡಿ. ಎಂಟನೇ ಮೂರಕ್ಕೆ ಹನ್ನೆರಡನೇ ಐದನ್ನು ಕೂಡಬೇಕು. ಛೇದಗಳನ್ನು ಗುಣಿಸಿದರೆ 96. ಆಗ 36 ಮತ್ತು 40 ಸೇರಿ 76. ಮತ್ತೆ ನಾಲ್ಕರಿಂದ ಸಂಕ್ಷೇಪಿಸಬೇಕು. ಲ.ಸಾ.ಅ. 24 ಹಿಡಿದರೆ 9 ಮತ್ತು 10 ಸೇರಿ 19. ಉತ್ತರ ಇಪ್ಪತ್ತನಾಲ್ಕನೇ ಹತ್ತೊಂಬತ್ತು, ನೇರವಾಗಿ.

ಇನ್ನೊಂದು ಅಭ್ಯಾಸ ಇಟ್ಟುಕೊಳ್ಳಿ. ಲೆಕ್ಕ ಶುರುಮಾಡುವ ಮೊದಲೇ ಉತ್ತರವನ್ನು ಅಂದಾಜು ಮಾಡಿ. ಇಲ್ಲಿ ಎರಡು ಭಿನ್ನರಾಶಿಗಳೂ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಹಾಗಾಗಿ ಮೊತ್ತ ಒಂದಕ್ಕಿಂತ ಕಡಿಮೆಯೇ ಇರಬೇಕು. ಅಂದಾಜಿಗೂ ಉತ್ತರಕ್ಕೂ ತಾಳೆಯಾಗದಿದ್ದರೆ ಛೇದಗಳನ್ನು ಮತ್ತೊಮ್ಮೆ ನೋಡಿ. ತಪ್ಪು ಹೆಚ್ಚಾಗಿ ಅಲ್ಲೇ ಸಿಗುತ್ತದೆ.