ನಮ್ಮೂರ ಹೈಸ್ಕೂಲಿನ ಮಾಸ್ತರರು

(ಸಂಘದ ಶಿಕ್ಷಕರ ದಿನದ ಸಭೆಯಲ್ಲಿ ಮಾಡಿದ ಭಾಷಣ)



ಭಾಷಣ ಮಾಡುವುದು ನಮ್ಮ ಕಸುಬಲ್ಲ. ಕಪ್ಪು ಬಸಿ ತೊಳೆದ ಕೈ, ಮಗ್ಗ ನಡೆಸಿದ ಕೈ ನಮ್ಮವು. ಆದರೂ ದಕ್ಷಿಣ ಕನ್ನಡ ಜಿಲ್ಲೆಯ ಒಂದೇ ಹೈಸ್ಕೂಲಿನಲ್ಲಿ ಕಲಿತು ಈ ಮುಂಬಯಿಗೆ ಬಂದು ಸೇರಿದ ನಾವು ನಾಲ್ವರು ನಮ್ಮ ಮಾಸ್ತರರ ಕುರಿತು ಎರಡು ಮಾತು ಹೇಳಬೇಕೆಂದು ಕಾರ್ಯಕಾರೀ ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ನಾಲ್ವರ ನೆನಪನ್ನೂ ಒಟ್ಟುಮಾಡಿ ತಮ್ಮ ಮುಂದಿಡುತ್ತಿದ್ದೇವೆ. ತಪ್ಪು ಕಂಡರೆ ತಾವು ಮನ್ನಿಸಬೇಕು.

ಇಂದು ಡಾ. ಸರ್ವಪಲ್ಲಿ ರಾಧಾಕೃಷ್ಣನ್ ಅವರ ಹುಟ್ಟಿದ ದಿನ. ಅವರು ರಾಷ್ಟ್ರಪತಿಗಳಾದ ೧೯೬೨ರಿಂದ ಸೆಪ್ಟೆಂಬರ್ ೫ನ್ನು ನಾಡು ಶಿಕ್ಷಕರ ದಿನವೆಂದು ಆಚರಿಸುತ್ತ ಬಂದಿದೆ. ಅವರು ಮೈಸೂರಿನಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದು, ೧೯೨೧ರಲ್ಲಿ ಕಲಕತ್ತೆಗೆ ಹೊರಟು ನಿಂತಾಗ, ವಿದ್ಯಾರ್ಥಿಗಳು ಗಾಡಿಯ ಕುದುರೆಗಳನ್ನು ಬಿಚ್ಚಿ ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದ ಸಂಗತಿ ತಮಗೆಲ್ಲ ತಿಳಿದದ್ದೇ.

ನಮ್ಮೂರ ಹೆಡ್ಮಾಸ್ತರರು ನಿವೃತ್ತರಾದ ದಿನ ಯಾರೂ ಗಾಡಿ ಎಳೆಯಲಿಲ್ಲ. ಒಂದು ಹಾರ, ಒಂದು ನಿಂಬೆಹಣ್ಣು ಸ್ವೀಕರಿಸಿ, ಕೊಡೆಯನ್ನು ಕಂಕುಳಲ್ಲಿಟ್ಟುಕೊಂಡು, ಎಂದಿನಂತೆ ನಡೆದೇ ಬಸ್ ನಿಲ್ದಾಣಕ್ಕೆ ಹೋದರಂತೆ. ನಾವು ಆಗ ಊರಿನಲ್ಲಿರಲಿಲ್ಲ. ಇಲ್ಲಿ ಪಾಳಿಯ ಮೇಲಿದ್ದೆವು.

ಊರ ಹೈಸ್ಕೂಲಿನಲ್ಲಿ ಕಲಿಸಿದ ಕೆಲವರ ಹೆಸರು ನಾಡಿಗೇ ಗೊತ್ತು. ಪೆರಡಾಲದಲ್ಲಿ ಕಲಿಸಿದ ಕಯ್ಯಾರ ಕಿಞ್ಞಣ್ಣ ರೈಗಳು ಕವಿಗಳೂ ಸ್ವಾತಂತ್ರ್ಯ ಹೋರಾಟಗಾರರೂ ಆಗಿದ್ದವರು. ನೂರು ವರ್ಷ ತುಂಬಿ ೨೦೧೫ರಲ್ಲಿ ತೀರಿಕೊಂಡರು. ಗೋಕರ್ಣದ ಹೈಸ್ಕೂಲಿನಲ್ಲಿ ಕಲಿಸಿದ ಗೌರೀಶ ಕಾಯ್ಕಿಣಿಯವರು ದೊಡ್ಡ ವಿಮರ್ಶಕರು. ನಮ್ಮ ಮಾಸ್ತರರು ಪುಸ್ತಕ ಬರೆಯಲಿಲ್ಲ. ಅವರ ಹೆಸರು ನಮ್ಮಂಥವರ ನಾಲಗೆಯ ಮೇಲಷ್ಟೇ ಉಳಿದಿದೆ.

ಹೆಡ್ಮಾಸ್ತರರಿಂದಲೇ ಪ್ರಾರಂಭಿಸುತ್ತೇವೆ. ನಮ್ಮ ತರಗತಿಯಲ್ಲಿ ಹಲವರು ಹೊಳೆಯಾಚೆಯವರು. ಆಟಿ ತಿಂಗಳಲ್ಲಿ ಹೊಳೆ ತುಂಬಿ ಹರಿದರೆ ದೋಣಿಯವನು ದೋಣಿ ಬಿಡಲು ಅಂಜುತ್ತಿದ್ದ. ತೊಯ್ದು ತೊಪ್ಪೆಯಾಗಿ ನಾವು ಶಾಲೆ ಮುಟ್ಟುವಾಗ ಮೊದಲನೆಯ ಪಾಠ ಮುಗಿದಿರುತ್ತಿತ್ತು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂಡಿಸುವುದಿಲ್ಲವೆಂಬ ಭಯ ಬೇರೆ. ಒಂದು ಮಳೆಗಾಲ ಇದ್ದಕ್ಕಿದ್ದಂತೆ ಹಾಜರಿ ಕರೆಯುವುದು ಎರಡನೆಯ ಪೀರಿಯಡ್ಡಿಗೆ ಬದಲಾಯಿತು. ಕಾರಣವನ್ನು ಯಾರೂ ಹೇಳಲಿಲ್ಲ. "ಹೊಳೆಯ ತಪ್ಪಿಗೆ ಮಕ್ಕಳಿಗೆ ಗೈರುಹಾಜರಿಯೆ?" ಎಂದು ಹೆಡ್ಮಾಸ್ತರರು ಇತರ ಮಾಸ್ತರರನ್ನು ಕೇಳಿದರೆಂದು ಜವಾನನ ಬಾಯಿಂದ ಆಮೇಲೆ ತಿಳಿಯಿತು. ಮುಂದೆ ಗಿರಣಿಯ ಭೋಂಗಾ ಕೂಗಿ, ಗೇಟು ಮುಚ್ಚಿ, ಒಂದು ದಿನದ ಕೂಲಿ ಕಳೆದುಕೊಂಡು ನಿಂತಾಗಲೆಲ್ಲ ನಮಗೆ ಆ ಮಾತು ನೆನಪಾಗುತ್ತಿತ್ತು.

ಕನ್ನಡ ಪಂಡಿತರದು ಇನ್ನೊಂದು ರೀತಿ. ಗದ್ದೆಯಲ್ಲಿ ಬಯಲಾಟ ಇದ್ದ ಮರುದಿನ ಹಿಂದಿನ ಬೆಂಚಿನ ನಾವೆಲ್ಲ ತೂಕಡಿಸುತ್ತಿದ್ದೆವು. ಬೇರೆ ಮಾಸ್ತರರಾದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಪಂಡಿತರು ಹತ್ತಿರ ಬಂದು, "ನಿನ್ನೆ ಯಾವ ಪ್ರಸಂಗ ಮಾರಾಯಾ?" ಎನ್ನುತ್ತಿದ್ದರು. "ಕೃಷ್ಣಸಂಧಾನ, ಸಾರ್." "ಹಾಗಾದರೆ ಎದ್ದು ಬಾ. ಇವತ್ತು ಉದ್ಯೋಗಪರ್ವದ ಪಾಠ. ಕೌರವ ಏನೆಂದ, ಕೃಷ್ಣ ಏನೆಂದ, ನೀನೇ ಹೇಳು." ಅಷ್ಟರಲ್ಲಿ ನಿದ್ದೆ ಹಾರಿಹೋಗುತ್ತಿತ್ತು. ನಾಲ್ಕು ಜನರ ಮುಂದೆ ನಿಂತು ಬಾಯಿಬಿಡುವ ಧೈರ್ಯ ನಮಗೆ ಬಂದದ್ದು ಹಾಗೆ. ಇಂದು ಈ ವೇದಿಕೆಯ ಮೇಲೆ ನಿಂತಿರುವುದೂ ಅವರ ಪುಣ್ಯದಿಂದಲೇ.

ಗಣಿತದ ಮಾಸ್ತರರೆಂದರೆ ನಡುಕ. ಬೆತ್ತ ಅವರ ಕೈ ಬಿಟ್ಟದ್ದನ್ನು ನಾವು ಕಂಡಿಲ್ಲ. ಆ ಏಟುಗಳನ್ನು ನಾವು ಹೊಗಳುವುದಿಲ್ಲ. ಮಕ್ಕಳನ್ನು ಹೊಡೆಯುವುದನ್ನು ಇಂದಿನ ಕಾಯಿದೆ ಒಪ್ಪುವುದಿಲ್ಲ, ಒಪ್ಪಲೂ ಬಾರದು. ಆದರೆ ಅವರು ಹೇಳಿದ ಒಂದು ಮಾತು ಏಟಿಗಿಂತ ಆಳಕ್ಕೆ ಇಳಿಯಿತು: "ಇನ್ನೊಬ್ಬ ಕೂಡಿಸಿಕೊಟ್ಟ ಲೆಕ್ಕಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಮೊದಲು ನೀವು ಕೂಡಿಸಿ ನೋಡಿ." ಚಕ್ರಬಡ್ಡಿ ಕಲಿಸುವಾಗ ಪುಸ್ತಕದ ಲೆಕ್ಕ ಬಿಟ್ಟು, ಅಪ್ಪಂದಿರ ಸಾಲದ ಚೀಟಿಯನ್ನೇ ಮನೆಯಿಂದ ನೋಡಿಕೊಂಡು ಬರಲು ಹೇಳುತ್ತಿದ್ದರು.

ಬಂಧುಗಳೇ, ೧೯೮೨ರ ಜನವರಿ ೧೮ರಂದು ಪ್ರಾರಂಭವಾದ ಗಿರಣಿ ಮುಷ್ಕರವನ್ನು ಈ ಸಭೆಯಲ್ಲಿ ವಿವರಿಸಬೇಕಾಗಿಲ್ಲ. ಎರಡು ಲಕ್ಷಕ್ಕೂ ಮಿಕ್ಕಿ ಕಾರ್ಮಿಕರು ಬೀದಿಗೆ ಬಂದರು. ಅನೇಕರು ಮತ್ತೆ ಒಳಗೆ ಹೋಗಲೇ ಇಲ್ಲ. ನಮ್ಮಲ್ಲೊಬ್ಬರು ೧೮ ವರ್ಷ ದುಡಿದ ಮೇಲೆ ಗ್ರಾಚ್ಯುಟಿಯ ಚೀಟಿಗೆ ಸಹಿ ಮಾಡಲು ಖಾತೆಗೆ ಹೋದರು. ತಿಂಗಳ ಸಂಬಳ ೬೫೦ ರೂಪಾಯಿ. ಚೀಟಿಯಲ್ಲಿ ೫,೮೫೦ ರೂಪಾಯಿ ಬರೆದಿತ್ತು. ಸಾಲಗಾರರು ಬಾಗಿಲಲ್ಲಿ ನಿಂತಿದ್ದ ಕಾಲ. ಸಹಿ ಹಾಕಿ ಹಣ ತೆಗೆದುಕೊಳ್ಳುವ ಆತುರ. ಪೆನ್ನು ಕೈಗೆ ತೆಗೆದುಕೊಂಡವರಿಗೆ ಮಾಸ್ತರರ ಮಾತು ನೆನಪಾಯಿತು. ಚೀಟಿಯ ಹಿಂಬದಿಯಲ್ಲೇ ಲೆಕ್ಕ ಹಾಕಿದರು. ೧೯೭೨ರ ಕಾಯಿದೆಯಂತೆ ವರ್ಷಕ್ಕೆ ೧೫ ದಿನದ ಸಂಬಳ. ತಿಂಗಳಿಗೆ ೨೬ ದಿನವೆಂದು ಹಿಡಿದರೆ ದಿನಕ್ಕೆ ೨೫ ರೂಪಾಯಿ. ೧೫ ದಿನಕ್ಕೆ ೩೭೫. ೧೮ ವರ್ಷಕ್ಕೆ ೬,೭೫೦. ಗುಮಾಸ್ತರು ತಿಂಗಳಿಗೆ ೩೦ ದಿನ ಹಿಡಿದಿದ್ದರು! ೯೦೦ ರೂಪಾಯಿ ಕಡಿಮೆಯಾಗಿತ್ತು. ಯೂನಿಯನ್ನಿನ ಗೆಳೆಯರೊಡನೆ ಹೋಗಿ ಕೇಳಿ ಅದನ್ನು ಪಡೆದರು. ಅದೇ ಖಾತೆಯ ಇತರರ ಚೀಟಿಗಳನ್ನೂ ಅಂದು ರಾತ್ರಿ ಚಾಳಿನ ಖೋಲಿಯಲ್ಲಿ ಕುಳಿತು ನೋಡಿಕೊಟ್ಟರು. ಊರಲ್ಲಿದ್ದ ಆ ಮಾಸ್ತರರಿಗೆ ಈ ಸಂಗತಿ ತಿಳಿಯಲೇ ಇಲ್ಲ. ತಿಳಿಸಬೇಕೆಂದು ನಮಗೆ ತೋಚಲೂ ಇಲ್ಲ.

ಇದಕ್ಕಿಂತ ಹೆಚ್ಚಾಗಿ ನಮ್ಮನ್ನು ಕುಟುಕುವ ಇನ್ನೊಂದು ಸಂಗತಿಯುಂಟು. ನಮ್ಮಲ್ಲೊಬ್ಬ ೧೯೬೩ರಲ್ಲಿ, ಒಂಬತ್ತನೆಯ ತರಗತಿಯ ನಡುವೆಯೇ, ಫೀಸು ಕಟ್ಟಲಾಗದೆ, ಯಾರಿಗೂ ಹೇಳದೆ ಬಸ್ಸು ಹತ್ತಿ ಮುಂಬಯಿಗೆ ಬಂದ. ಫೋರ್ಟಿನ ಒಂದು ಹೊಟೇಲಿನ ಮೋರಿಯಲ್ಲಿ ಕಪ್ಪು ತೊಳೆಯುವ ಕೆಲಸ. ಮೂರು ತಿಂಗಳ ಮೇಲೆ ಗಲ್ಲೆಯ ಮೇಲಿದ್ದ ಧನಿಗಳು ಅವನನ್ನು ಕರೆದು ಒಂದು ಕಾರ್ಡು ಕೊಟ್ಟರು. ಪಂಡಿತರ ಅಕ್ಷರ. ವಿಳಾಸವನ್ನು ಅವನ ತಾಯಿಯಿಂದ ಕೇಳಿ ತಿಳಿದಿದ್ದರು. "ಹೊರಟುಹೋದದ್ದಕ್ಕೆ ಬೈಯುವುದಿಲ್ಲ. ಅಲ್ಲಿ ಕನ್ನಡದ ರಾತ್ರಿಶಾಲೆಗಳಿವೆ ಎಂದು ಕೇಳಿದ್ದೇನೆ. ವಿಚಾರಿಸು. ಪಾಠ ಎಲ್ಲಿ ನಿಂತಿತೋ ಅಲ್ಲಿಂದ ಹಿಡಿ" ಎಂದು ಬರೆದಿದ್ದರು.

ಅವನು ವಿಚಾರಿಸಿದ. ಹೊಟೇಲಿನ ಕೆಲಸ ಮುಗಿಸಿ, ಕೈಯ ಸೋಡಾಪುಡಿಯ ವಾಸನೆ ಹೋಗುವ ಮೊದಲೇ ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತ. ಮೂರು ವರ್ಷದಲ್ಲಿ ಪಾಸಾದ. ಆದರೆ ಆ ಕಾರ್ಡಿಗೆ ಉತ್ತರ ಬರೆಯಲಿಲ್ಲ. ಮೊದಲು ನಾಚಿಕೆ, ಆಮೇಲೆ ಪಾಸಾದ ಮೇಲೆ ಬರೆಯೋಣವೆಂಬ ಹಟ, ಪಾಸಾದ ಮೇಲೆ, ಊರಿಗೆ ಹೋದಾಗ ಕಂಡೇ ಹೇಳೋಣವೆಂಬ ಆಸೆ. ಊರಿಗೆ ಹೋಗುವಷ್ಟು ಹಣ ಕೂಡಿದಾಗ ಪಂಡಿತರು ತೀರಿಕೊಂಡಿದ್ದರು. ಆ ಕಾರ್ಡು ಇಂದಿಗೂ ಅವನ ಟ್ರಂಕಿನಲ್ಲಿದೆ.

ನಾವು ಹೇಳಿದ ಮೂವರು ಮಾಸ್ತರರಲ್ಲಿ ಇಂದು ಒಬ್ಬರೂ ಉಳಿದಿಲ್ಲ. ಇನ್ನು ಅವರಿಗೆ ಕೃತಜ್ಞತೆ ಹೇಳುವ ದಾರಿ ಯಾವುದು? ಅಂಕೋಲೆಯ ಕಡೆಯ ದಿನಕರ ದೇಸಾಯಿಯವರನ್ನು ನೆನೆಯೋಣ. ಇದೇ ಮುಂಬಯಿಯಲ್ಲಿ ಹಡಗಿನ ಕಾರ್ಮಿಕರ ನಡುವೆ ದುಡಿದ ಅವರು ೧೯೫೩ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಉತ್ತರ ಕನ್ನಡದ ಊರುಗಳಲ್ಲಿ ಹೈಸ್ಕೂಲುಗಳನ್ನು ತೆರೆದರು. ದುಡಿಯುವವರ ಸಂಘವೂ ಅವರ ಮಕ್ಕಳ ಶಾಲೆಯೂ ಒಂದೇ ಕೆಲಸದ ಎರಡು ಮುಖವೆಂದು ನಡೆದು ತೋರಿಸಿದರು.

ನಾವು ಟ್ರಸ್ಟು ಕಟ್ಟಬಲ್ಲವರಲ್ಲ. ನಮ್ಮ ಕೈಲಾಗುವುದು ಎರಡು. ಒಂದು, ಪ್ರತಿ ಭಾನುವಾರ ಸಂಜೆ ಸಂಘದ ವಾಚನಾಲಯದಲ್ಲಿ ನಾವು ನಾಲ್ವರೂ ಕುಳಿತಿರುತ್ತೇವೆ. ಹೊಸದಾಗಿ ಕೆಲಸಕ್ಕೆ ಬಂದ ತಮ್ಮಂದಿರು, ಯಾವ ಭಾಷೆಯವರೇ ಆಗಲಿ, ಸಂಬಳದ ಚೀಟಿ, ಪ್ರಾವಿಡೆಂಟ್ ಫಂಡಿನ ಲೆಕ್ಕ ತರಲಿ. ಕೂಡಿ ಕಳೆದು ನೋಡುವುದನ್ನು ಕಲಿಸುತ್ತೇವೆ. ಎರಡು, ತಮ್ಮಲ್ಲಿ ಯಾರ ಮಾಸ್ತರರು, ಯಾರ ಟೀಚರಮ್ಮ ಇನ್ನೂ ಬದುಕಿದ್ದಾರೋ, ಅವರು ಇಂದು ರಾತ್ರಿ ಮಲಗುವ ಮೊದಲು ನಾಲ್ಕು ಸಾಲು ಬರೆಯಿರಿ, ಇಲ್ಲವೆ ಫೋನು ಮಾಡಿ. ಊರಿಗೆ ಹೋದಾಗ ಹೇಳೋಣ ಎನ್ನಬೇಡಿ. ನಾವು ಹಾಗೆಂದುಕೊಂಡೇ ಕೆಟ್ಟೆವು.